ಬೆಲ್ಲದ ಮೂಡಲಗಿ

ನನ್ನ ಅಂಗಡಿಯ ಮೇಜಿನ ಖಾನೆಗೆ ಇರುವೆ ಹತ್ತಿದೆ. ಇರುವೆ ಹತ್ತುವಂಥದ್ದು ಅದರಲ್ಲಿ ಏನೂ ಇರಬಾರದು. ಇರುವುದು ಬರೀ ವಿಸಿಟಿಂಗ್ ಕಾರ್ಡುಗಳು. ಗೋಕಾಕದ ಟೈಲ್ಸ್‌ನವರದು, ಹುಕ್ಕೇರಿಯ ಟ್ರ್ಯಾಕ್ಟರ್ ಬಿಡಿಭಾಗದವರದು, ಘಟಪ್ರಭಾದ ಫ್ಲೆಕ್ಸ್ ಅಂಗಡಿಯವರದು, ಹೀಗೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಕಟ್ಟುಗಳು. ಆದರೂ ಕೆಂಪಿರುವೆಗಳ ಸಾಲೊಂದು ಮೇಜಿನ ಕಾಲು ಹತ್ತಿ, ಸಂದಿಯಿಂದ ಒಳಹೊಕ್ಕು, ಅಷ್ಟೂ ಮಂದಿಯ ಹೆಸರುಗಳ ಮೇಲೆ ಹರಿದು, ಮೂಲೆಯಲ್ಲಿ ಕಾಗದಕ್ಕೆ ಅಂಟಿಕೊಂಡ ಬೆಲ್ಲದ ಚೂರನ್ನು ಮುಟ್ಟಿ ಹಿಂದಿರುಗುತ್ತಿದೆ. ಆ ಚೂರೂ ಒಂದು ಕಾರ್ಡೇ ಎಂದರೆ ನಿಮಗೆ ವಿಚಿತ್ರ ಅನಿಸೀತು. ಕೊಟ್ಟವರು ಹಾಗೆಂದೇ ಕೊಟ್ಟಿದ್ದರು.

ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಗೋಕಾಕದಲ್ಲಿ ಪ್ಲಾಸ್ಟಿಕ್ ಪೈಪು ಮಾರುವವನು. ಓದಿದ್ದಕ್ಕೂ ಮಾರುವುದಕ್ಕೂ ಏನು ಸಂಬಂಧ ಎಂದು ಕೇಳಿದವರಿಗೆ, ಎರಡೂ ಒಳಗೆ ಟೊಳ್ಳು ಎಂದು ಹೇಳಿ ನಗಿಸುವುದುಂಟು. ವ್ಯಾಪಾರ ಸೊರಗಿದ್ದ ಕಾಲದಲ್ಲಿ, ವಾರಕ್ಕೊಮ್ಮೆ ಬೆಳಿಗ್ಗೆ ಹೋಟೆಲೊಂದರ ಮಾಳಿಗೆಯಲ್ಲಿ ಕೂಡುವ ವ್ಯಾಪಾರಿಗಳ ಬಳಗಕ್ಕೆ ಸೇರಿಕೊಂಡೆ. ಸುತ್ತಲಿನ ತಾಲೂಕುಗಳಿಂದ ಬಂದವರು ಉಪ್ಪಿಟ್ಟು ತಿಂದು, ಒಬ್ಬೊಬ್ಬರಾಗಿ ಎದ್ದು ಹೆಸರು, ಊರು, ದಂಧೆ ಹೇಳಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು. ಮೊದಲು ಸಂಬಂಧ ಕಟ್ಟಿಕೊಳ್ಳಿ, ಗಿರಾಕಿ ತಾನಾಗಿ ಬರುತ್ತಾನೆ ಎಂದು ಹೊರಗಿನಿಂದ ಬಂದ ಭಾಷಣಕಾರರೊಬ್ಬರು ಉಪದೇಶಿಸಿದಾಗ ನಾನು ಒಳಗೊಳಗೇ ನಕ್ಕಿದ್ದೆ. ಕಟ್ಟುವುದೆಂದರೆ ಗೋಡೆಯನ್ನೂ ಕಟ್ಟುತ್ತೇವೆ, ಎಮ್ಮೆಯನ್ನೂ ಕಟ್ಟುತ್ತೇವೆ. ಇವರು ಹೇಳುವುದು ಯಾವ ಬಗೆಯದು?

ನಮ್ಮ ಕಡೆಯ ಮಾತಿನಲ್ಲಿ ಪರಿಚಯವೆನ್ನುವುದಿಲ್ಲ, ‘ಗುರ್ತ’ ಎನ್ನುತ್ತೇವೆ. ಒಬ್ಬರ ಗುರ್ತ ಐತಿ ಎಂದರೆ ಅವರು ಬೇಕಾದವರು, ಅವರಿಂದ ಕೆಲಸವಾದೀತು ಎಂದರ್ಥ. ಮುಖವನ್ನು ಗುರುತು ಹಿಡಿಯುವುದಕ್ಕೂ ಮನುಷ್ಯನನ್ನು ಬಲ್ಲೆನೆನ್ನುವುದಕ್ಕೂ ಒಂದೇ ಮಾತು ಸಾಕೆಂದು ನಮ್ಮವರು ಯಾಕೆ ಬಗೆದರೋ.

ಬಳಗದಲ್ಲಿ ನನ್ನ ಬಾಜೂ ಕೂಡುತ್ತಿದ್ದವರು ಮೂಡಲಗಿಯ ಬೆಲ್ಲದ ವ್ಯಾಪಾರಿ. ಕಾರ್ಡು ಕೇಳಿದರೆ ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು, ಚೂರು ಬೆಲ್ಲ ಅಂಗೈಗೆ ಇಡುತ್ತಿದ್ದರು.

“ಕಾರ್ಡ ಮಾಡಿಸಿಲ್ರಿ ಪೈಪಿನವರ. ಇದ ನನ್ನ ಕಾರ್ಡ.”

“ಸಕ್ಕರಿ ಬ್ಯಾನಿ ಇದ್ದವರಿಗೆ ಏನ ಕೊಡ್ತೀರಿ?” ಎಂದು ಟೈಲ್ಸ್‌ನವರು ಛೇಡಿಸಿದರೆ, “ಅವರಿಗೆ ನಿಮ್ಮ ಕಾರ್ಡ ಕೊಡ್ತೇನಿ, ನೆಕ್ಕಲಿ” ಎನ್ನುತ್ತಿದ್ದರು.

ಅವರ ನಂಬರನ್ನು ನಾನು ‘ಬೆಲ್ಲದ ಮೂಡಲಗಿ’ ಎಂದು ಫೋನಿನಲ್ಲಿ ಇಟ್ಟುಕೊಂಡಿದ್ದೆ. ನಾವೆಲ್ಲ ಇಡುವುದೇ ಹಾಗೆ, ದಂಧೆ ಮೊದಲು, ಊರು ಆಮೇಲೆ. ಅವರು ವಾರವಾರವೂ ಎದ್ದು ನಿಂತು ಹೆಸರು ಹೇಳಿಯೇ ಇರಬೇಕು. ಆದರೆ ಅವರ ಸರದಿ ನನ್ನದಕ್ಕಿಂತ ಮುಂಚೆ. ಅವರು ಹೇಳುವಷ್ಟು ಹೊತ್ತೂ ನಾನು ನನ್ನ ಮಾತನ್ನು ಒಳಗೇ ಹೊಂದಿಸಿಕೊಳ್ಳುತ್ತಿದ್ದೆ.

ಕಬ್ಬು ಸಾಗಿಸುವ ಕಾಲದ ಒಂದು ಮಧ್ಯಾಹ್ನ ಹುಕ್ಕೇರಿಯಿಂದ ಪೊಲೀಸರೊಬ್ಬರ ಫೋನು ಬಂತು. ಕಾರ್ಡಿನಲ್ಲಿದ್ದ ನನ್ನ ಹೆಸರು ಓದಿ, ಇದು ಅವರ ಮನೆಯೇ ಎಂದು ಮೆಲ್ಲಗೆ ಕೇಳಿದರು.

“ನಾನ ಮಾತಾಡಾಕತ್ತೇನ್ರಿ.”

“ನೀವ ಅಂದ್ರ, ನೀವ ಏನ್ರಿ?”

“ಹೌದ್ರಿ.”

ಅವರು ಕಾರ್ಡಿನ ಹೆಸರನ್ನು ಮತ್ತೊಮ್ಮೆ ಓದಿದರು. “ಹಂಗಾರ ಇಲ್ಲಿ ಮಲಗ್ಯಾರಲ್ರಿ, ಇವರ್ಯಾರು?”

ನಿಡಸೋಸಿಯ ಹತ್ತಿರ ಕಬ್ಬಿನ ಟ್ರೇಲರಿಗೆ ಬೈಕು ಬಡಿದಿತ್ತು. ಫೋನು ಪುಡಿಯಾಗಿತ್ತು, ಪಾಕೀಟು ಕಾಣೆಯಾಗಿತ್ತು, ಬೈಕಿನ ಕಾಗದಗಳು ಯಾರೋ ಹಳೆಯ ಮಾಲೀಕನ ಹೆಸರಿನಲ್ಲಿದ್ದವು. ಕಿಸೆಯಲ್ಲಿ ಹೆಸರು ಇದ್ದದ್ದೆಂದರೆ ನನ್ನ ಕಾರ್ಡೊಂದೇ. ಆಸ್ಪತ್ರೆಗೆ ಓಡಿದೆ. ಮಂಚದ ಮೇಲಿನ ಮುಖ ಊದಿ, ಯಾರದೂ ಅಲ್ಲದ ಮುಖವಾಗಿತ್ತು. “ಗುರ್ತ ಐತೇನ್ರಿ?” ಎಂದರು ಪೊಲೀಸರು. ಆ ಮುಖವನ್ನು ಎಷ್ಟೋ ವಾರ ಬಾಜೂದಿಂದ ನೋಡಿದವನು ನಾನು, ಹೌದೆನ್ನಲಾರದೆ ನಿಂತೆ. ಕೊನೆಗೆ ಉತ್ತರ ಕೊಟ್ಟದ್ದು ದಿಂಬಿನ ಪಕ್ಕ ಯಾರೋ ತೆಗೆದಿಟ್ಟಿದ್ದ ಬೆಲ್ಲದ ಪೊಟ್ಟಣ.

“ಇಲ್ಲಿಂದ ಎತ್ತಿ ಬೆಳಗಾವಿಗೆ ಒಯ್ಯೂ ಹಂಗಿಲ್ಲ. ಮನಿಯವರನ್ನ ಲಗೂನ ಕರಸ್ರಿ, ಜೀವ ಇರೂತನಕ ಮಾರೀನಾರ ನೋಡಲಿ,” ಎಂದರು ಡಾಕ್ಟರು.

ಹೆಸರು ಕೇಳಿದ ಪೊಲೀಸರಿಗೆ ನನ್ನ ಫೋನು ತೋರಿಸಿದೆ. “ಬೆಲ್ಲದ, ಮೂಡಲಗಿ,” ಎಂದು ಗಟ್ಟಿಯಾಗಿ ಓದಿಕೊಂಡು ಅವರು ಮೂಡಲಗಿಗೆ ಸುದ್ದಿ ಮುಟ್ಟಿಸಿದರು. ಬಳಗದ ವಾಟ್ಸಾಪಿಗೆ ನಾನೂ ಬರೆದೆ. ಭಾಳ ಛಲೋ ಮನುಷ್ಯಾ ಎಂದವರು ಕೆಲವರು, ಕೈಮುಗಿದ ಚಿತ್ರ ಕಳಿಸಿದವರು ಹಲವರು. ಮನೆ ಎಲ್ಲಿ ಎಂದು ಬಲ್ಲವರು ಒಬ್ಬರೂ ಇಲ್ಲ.

ನಮ್ಮ ಸೀಮೆಯ ಅಡ್ಡಹೆಸರುಗಳೇ ಒಂದು ಸಂತೆ: ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ. ಬೆಲ್ಲದ ಮನೆತನದವರು ಬೆಲ್ಲ ಮಾರಬೇಕೆಂದಿಲ್ಲ, ಮಾರುವವರು ಬೆಲ್ಲದ ಮನೆತನದವರಾಗಬೇಕೆಂದೂ ಇಲ್ಲ. ಇದು ಆಗ ನನಗೆ ಹೊಳೆಯಿತೇ? ಹೊಳೆಯಲೇ ಇಲ್ಲವೆಂದು ಈಗ ಖಾತ್ರಿಯಾಗಿ ಹೇಳುತ್ತೇನೆ. ಆದರೆ ಖಾತ್ರಿಯಾದ ನೆನಪುಗಳ ಮೇಲೇ ನನಗೆ ಗುಮಾನಿ ಹೆಚ್ಚು.

ಮೂಡಲಗಿಯಿಂದ ಜೀಪು ಬಂತು. ಬೆಲ್ಲದ ಮನೆತನದ ಹೆಣ್ಣುಮಗಳೊಬ್ಬರು ಮೈದುನನ ತೋಳು ಹಿಡಿದು ಅಳುತ್ತ ಒಳಗೆ ಬಂದರು. ಅವರ ಗಂಡ ಫೋನು ಮನೆಯಲ್ಲೇ ಬಿಟ್ಟು ಬೈಕಿನ ಮೇಲೆ ಎಲ್ಲಿಗೋ ಹೋಗಿದ್ದರಂತೆ. ಮಂಚದ ಮೇಲಿನ ಕೈಯನ್ನು ಎತ್ತಿ ನೋಡಿದರು, ಮತ್ತೊಮ್ಮೆ ನೋಡಿದರು. “ನಮ್ಮವರಲ್ರಿ,” ಎಂದರು. “ಇವರು ನಮ್ಮವರಲ್ಲ.” ಅಳುತ್ತಿದ್ದ ಬಾಯಿ ಹಾಗೆಯೇ ನಗುವಾಯಿತು. ಉಸಿರಿಗಾಗಿ ಒದ್ದಾಡುತ್ತಿದ್ದ ಆ ಪರಜೀವದ ಮುಂದೆ ನಿಂತು ದೇವರಿಗೆ ಕೈಮುಗಿದರು. ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಅಷ್ಟರಲ್ಲಿ ಮೈದುನ ಬಗ್ಗಿ ನೋಡಿ ಅಂದ: “ಅಯ್, ಇವರು ನಮ್ಮ ಅಡಿವೆಪ್ಪ ಕಾಕಾ ಅಲ್ಲೇನು? ಉಪ್ಪಿನ ಅಡಿವೆಪ್ಪ. ಸಂತಿ ಓಣ್ಯಾಗ ಬೆಲ್ಲದ ಅಂಗಡಿ ಐತಿ.”

ಉಪ್ಪಿನ ಮನೆತನದವರು ಬೆಲ್ಲ ಮಾರುತ್ತಿದ್ದರು. ಮತ್ತೆ ಫೋನು ಹೋಯಿತು, ಮತ್ತೊಂದು ಗಾಡಿ ಹೊರಟಿತು. ಅಡಿವೆಪ್ಪನವರ ಹೆಂಡತಿ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮಂಚದ ಮೇಲಿನ ಮುಖಕ್ಕೆ ಬಟ್ಟೆ ಎಳೆದಾಗಿತ್ತು.

“ಏನಾರ ಮಾತಾಡಿದ್ರೇನ್ರಿ?” ಎಂದು ಕೇಳಿದರು. ಇಲ್ಲವೆಂದೆ. ಮೊದಲ ಸುದ್ದಿಯೇ ಅವರ ಮನೆಗೆ ಹೋಗಿದ್ದರೆ ಜೀವ ಇರುವಾಗ ಮುಟ್ಟುತ್ತಿದ್ದರು ಎಂಬುದನ್ನು ನಾನು ಹೇಳಲಿಲ್ಲ. ಓಣಿಯಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ.

ಅಂದಿನಿಂದ ಒಂದು ನೆನಪನ್ನು ಮತ್ತೆಮತ್ತೆ ಒರೆಗೆ ಹಚ್ಚುತ್ತಿದ್ದೇನೆ. ಒಮ್ಮೆ ಬಳಗದ ಸಭೆ ಮುಗಿಸಿ ನಾವಿಬ್ಬರೂ ಧುಪದಾಳದ ಒಡ್ಡಿನ ಹತ್ತಿರ ಚಹಾ ಕುಡಿದಿದ್ದೆವು. ನೀರು ಒಡ್ಡು ದಾಟಿ ಬೀಳುತ್ತಿತ್ತು. ಅವರು ಬೆಲ್ಲದ ಧಾರಣೆಯ ಮಾತಾಡಿದರು. ಅಥವಾ ಅವರು ಸತ್ತ ಮೇಲೆ, ಒಂದಾದರೂ ನಿಜವಾದ ಭೇಟಿ ಇರಲೆಂದು ನಾನೇ ಇದನ್ನು ಕಟ್ಟಿಕೊಂಡೆನೋ? ಕಟ್ಟುವ ವಿದ್ಯೆಯನ್ನು ಬಳಗದಲ್ಲಿ ನಮಗೆ ಕಲಿಸಿದ್ದರಲ್ಲ.

ಇವತ್ತು ಖಾನೆ ಒರೆಸಲು ಬಟ್ಟೆ ಕೈಗೆತ್ತಿಕೊಂಡಾಗ ಫೋನು ರಿಂಗಣಿಸಿತು. ಪರದೆಯ ಮೇಲೆ ‘ಬೆಲ್ಲದ ಮೂಡಲಗಿ’. ಅವರ ಹಳೆಯ ನಂಬರನ್ನು ಈಗ ಹೆಂಡತಿ ಇಟ್ಟುಕೊಂಡಿದ್ದಾರೆ.

“ಪೈಪಿನವರೇನ್ರಿ? ನಿಮ್ಮ ಹೆಸರ ನಮ್ಮವರು ಎಂದೂ ಹೇಳಲಿಲ್ರಿ, ಪೈಪಿನವರು ಅಂತಿದ್ರು. ಧುಪದಾಳದಾಗ ಚಾ ಕುಡದ ದಿನ ಮನಿಗೆ ಬಂದು ನಿಮ್ಮ ಅವ್ವಾರ ಸುದ್ದೀನ ಆಡಿದ್ರು. ಕಣ್ಣ ಕಾಣವಲ್ವಂತ, ಆಪರೇಶನ್ ಅಂದ್ರ ಅಂಜತಾರಂತ. ಈಗ ಹೆಂಗ ಅದಾರ್ರಿ?”

ಚಹಾ ಕುಡಿದದ್ದು ನಿಜವಾಯಿತು. ಅವ್ವನ ಮಾತು ಆಡಿದ್ದು ಮಾತ್ರ ನನ್ನ ನೆನಪಿನಲ್ಲಿ ಎಲ್ಲೂ ಇಲ್ಲ. ನಾನು ಧಾರಣೆ ಇಟ್ಟುಕೊಂಡು ಬಂದಿದ್ದೆ, ಅವರು ಅವ್ವನನ್ನು ಮನೆಗೆ ಒಯ್ದಿದ್ದರು.

“ಆರಾಮ ಅದಾರ್ರಿ,” ಎಂದೆ.

ಅವ್ವ ಇನ್ನೂ ಗೋಡೆ ಹಿಡಿದೇ ನಡೆಯುತ್ತಾಳೆ. ಬಟ್ಟೆ ಕೈಯಲ್ಲೇ ಉಳಿಯಿತು. ಇರುವೆಗಳು ಯಾರ ಹೆಸರನ್ನೂ ಓದದೆ, ಕಾರ್ಡುಗಳ ಮೇಲಿಂದ ಹಾದು ಆ ಚೂರಿನ ತನಕ ಬರುತ್ತಲೇ ಇದ್ದವು. ಖಾನೆಯನ್ನು ಅರ್ಧ ತೆರೆದೇ ಬಿಟ್ಟೆ.