ಓಲೈಕೆಯ ಪಾಠ

ಎಷ್ಟೋ ವರ್ಷಗಳಿಂದ ರಾಣೇಬೆನ್ನೂರಿನಲ್ಲಿ ಹತ್ತನೇ ತರಗತಿಗೆ ಇತಿಹಾಸ ಕಲಿಸುತ್ತಿದ್ದರೂ ಓಲೈಕೆಯ ನೀತಿ ಎಂಬ ಪಾಠ ನನಗೆ ಒಗ್ಗಿದ್ದೇ ಇಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲು ಯುರೋಪಿನ ಹಿರಿಯರೆನಿಸಿಕೊಂಡವರು ಜರ್ಮನಿ ಕೇಳಿದ್ದನ್ನು ಕೊಡುತ್ತ ಹೋಗಿ, ಶಾಂತಿ ಬಂತೆಂದು ನಂಬಿದ ಕಥೆ ಅದು. ಮಕ್ಕಳಿಗೆ ಆಕಳಿಕೆ ಬರುತ್ತದೆ. ಖರೇ ಹೇಳಬೇಕೆಂದರೆ ನನಗೂ.

ಈ ವರ್ಷ ಸಂತೆಯ ಗೂಳಿಯ ಮೊರೆಹೋದೆ. "ಇವತ್ತು ಒಂದು ಗಜ್ಜರಿ ಕೊಟ್ರ, ನಾಳೆ ಬುಟ್ಟಿಗೇ ಬಾಯಿ ಹಾಕ್ತೈತಿ" ಎಂದೆ. "ಬಡಿಗಿ ತೋರಿಸ್ಬೇಕ್ರಿ ಟೀಚರ್!" ಎಂದು ಹಿಂದಿನ ಬೆಂಚು ಕೂಗಿತು. ತರಗತಿಯೆಲ್ಲ ನಕ್ಕಿತು. ನನ್ನ ಯುರೋಪು ಗೂಳಿಯ ಕಾಲಡಿ ಸಿಕ್ಕಿ ಅಪ್ಪಚ್ಚಿಯಾಯಿತು.

ಮುಂದುವರಿಸಿದೆ. ಆ ಹಿರಿಯರು ಕೊಟ್ಟದ್ದು ತಮ್ಮ ನೆಲವನ್ನಲ್ಲ, ಚೆಕೊಸ್ಲೊವಾಕಿಯಾದ ನೆಲವನ್ನು. ಸಾಮ, ದಾನ, ಭೇದ, ದಂಡ ಎಂದು ನಮ್ಮ ಹಳಬರು ಎಣಿಸಿದ್ದರಲ್ಲಿ ಇದು ದಾನವೂ ಅಲ್ಲ. ಕಂಡವರ ಮಕ್ಕಳನ್ನು ಬಾವಿಗೆ ನೂಕಿ ಆಳ ನೋಡುವುದು ಎನ್ನುತ್ತೇವಲ್ಲ, ಅದು.

ಹಲಗೇರಿಯಿಂದ ಬರುವ ನೇತ್ರಾ ನಕ್ಕಿರಲಿಲ್ಲ. ಎದ್ದು ನಿಂತು ಕೇಳಿದಳು: "ಕೊಡೂ ಮುಂದ ಆ ದೇಶದವ್ರನ್ನ ಕೇಳಿದ್ರೇನ್ರಿ?"

"ಇಲ್ಲವಾ. ಮಾತುಕತಿಗೆ ಒಳಗ ಕರೀಲೇ ಇಲ್ಲ."

"ನನ್ನೂ ಕರೀಲಿಲ್ರಿ" ಎಂದು ಕುಳಿತಳು.

ತರಗತಿ ಮುಗಿದ ಮೇಲೆ ಅವಳನ್ನು ಮಾತಾಡಿಸಿದೆ. ಅವಳ ದೊಡ್ಡಪ್ಪ ಮೊದಲು ಬೋರಿನ ನೀರಿನ ಪಾಳಿ ಕೇಳಿದ್ದ. ಅಣ್ಣನೊಡನೆ ಜಗಳ ಬೇಡವೆಂದು ಅಪ್ಪ ಬಿಟ್ಟುಕೊಟ್ಟ. ಆಮೇಲೆ ದೊಡ್ಡಪ್ಪ ಹೊಲದ ಬದುವನ್ನು ಒತ್ತಿದ, ಅಪ್ಪ ಅದನ್ನೂ ಬಿಟ್ಟ. ಈಗ ದೊಡ್ಡಪ್ಪ ಬ್ಯಾಡಗಿ ಕಡೆಯ ತನ್ನ ಹೆಂಡತಿಯ ತಮ್ಮನಿಗೆ ನೇತ್ರಾಳನ್ನೇ ಕೇಳಿದ್ದ. ಹಿರಿಯರು ಪಡಸಾಲೆಯಲ್ಲಿ ಕುಳಿತು ಒಪ್ಪಿಕೊಂಡಾಗ ಇವಳು ಒಳಗೆ ಚಹಾ ಸೋಸುತ್ತಿದ್ದಳಂತೆ. ಅವಳಿಗಿನ್ನೂ ಹದಿನಾರು ತುಂಬಿರಲಿಲ್ಲ.

ಮರುದಿನ ಹೆಡ್‌ಮಾಸ್ತರರೂ ನಾನೂ ಹಲಗೇರಿಗೆ ಹೋದೆವು. ಇಂಥ ಮದುವೆ ಅಪರಾಧವೆಂದು ಹೆಡ್‌ಮಾಸ್ತರರು ಹೇಳಿದರು. ಅವಳಪ್ಪ ಕೆಟ್ಟವನಲ್ಲ. ಅದೇ ನನ್ನನ್ನು ಹೆದರಿಸಿದ್ದು. ತಲೆ ತಗ್ಗಿಸಿ, "ಇದೊಂದು ಆಗಿಬಿಟ್ರ ಮನಿ ಶಾಂತ ಇರ್ತೈತ್ರಿ" ಎಂದ. ಯುರೋಪಿನ ದೊಡ್ಡ ದೊಡ್ಡ ಮಂತ್ರಿಗಳು ಇದನ್ನೇ ಕೋಟು ಹಾಕಿಕೊಂಡು ಹೇಳಿದ್ದರು.

ಬಾಗಿಲಲ್ಲಿ ನಿಂತಿದ್ದ ನೇತ್ರಾ ಈ ಸಲ ಒಳಗೆ ಬಂದಳು. "ಅಪ್ಪಾ, ನನ್ನ ಕೊಟ್ಟ ಮ್ಯಾಲ ದೊಡ್ಡಪ್ಪ ಸುಮ್ನಿರ್ತಾನೇನು? ನಾಳೆ ಸುಮಾನ್ನ ಕೇಳ್ತಾನ."

ಅವಳ ತಂಗಿ ಸುಮಾ ಅಲ್ಲೇ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅಪ್ಪ ಆ ಕಡೆ ನೋಡಿದ. ಆಮೇಲೆ ನಮ್ಮೆದುರೇ ಫೋನ್ ಹಚ್ಚಿದ. "ಆಗೂದಿಲ್ಲಣ್ಣಾ" ಎಂದವನೇ ಫೋನ್ ಇಟ್ಟ.

ಯುದ್ಧ ಬಂದೇ ಬಂತು. ದೊಡ್ಡಪ್ಪ ಹೊಲದ ನೀರಿನ ಪೈಪು ಕಡಿಸಿದ, ಬಂಧುಗಳ ನಂಟು ಕಡಿಸಿದ, ಊರಲ್ಲಿ ಹುಡುಗಿಯ ಹೆಸರು ಕೆಡಿಸಲು ನೋಡಿದ. ಇತಿಹಾಸದ ಪುಸ್ತಕದಲ್ಲಿ 'ನಿರಾಕರಿಸಬೇಕಿತ್ತು' ಎಂದು ಓದಿಸುವುದು ಸುಲಭ. ನಿರಾಕರಿಸಿದವರ ಮನೆಯಲ್ಲಿ ಅನ್ನ ಹೇಗೆ ಇಳಿಯುತ್ತದೆಂದು ಅದು ಹೇಳುವುದಿಲ್ಲ.

ಪರೀಕ್ಷೆಯ ಪ್ರವೇಶಪತ್ರ ಒಯ್ಯಲು ಅವಳಪ್ಪ ಶಾಲೆಗೆ ಬಂದಾಗ ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತೆ.

"ಹೊಲ ಹೆಂಗೈತ್ರಿ?" ಎಂದು ಕೇಳಿದೆ.

"ಗೋವಿನಜೋಳ ಅರ್ಧಕ್ಕರ್ಧ ಒಣಗೇತ್ರಿ" ಎಂದ. ಮೆಟ್ಟಿಲು ಇಳಿದವನು ತಿರುಗಿ ನಿಂತ. "ಆದ್ರ ಮನ್ಯಾಗ ಎಲ್ಲಾರೂ ಅದೇವ್ರಿ."