ದೀರ್ಘದ ಬಾಲ

ಸಿಂಧನೂರಿನ ಪೇಂಟರ್ ಪಕೀರಪ್ಪ ಬ್ರಷ್ ಮೂಲೆಗಿಟ್ಟು ಹದಿನೈದು ವರ್ಷವಾಗಿತ್ತು. ಫ್ಲೆಕ್ಸ್ ಬಂದಮೇಲೆ ಗೋಡೆ ಬರೆಸುವವರು ಯಾರು? ಆ ಹಾಳು ಫ್ಲೆಕ್ಸಿನ ಹೆಸರೆತ್ತಿದರೆ ಈಗಲೂ ಉರಿದುಬೀಳುತ್ತಿದ್ದ. ಮೊನ್ನೆ ಅಮೂಲ್ಯಾ ಎಂಬ ಹುಡುಗಿ ಮನೆ ಹುಡುಕಿಕೊಂಡು ಬಂದು ಅವನ ಕೈಗೆ ಕರಿ ಟೀಶರ್ಟೊಂದನ್ನು ಕೊಟ್ಟಳು. ಎದೆಯ ಮೇಲೆ ಅವಳ ಬ್ರ್ಯಾಂಡಿನ ಹೆಸರಿತ್ತು: 'ಬೀದಿ'.

"ಮಸ್ಕಿಯ ಹಳೇ ಗೋಡೆ ಮ್ಯಾಲೆ ನೀವು 'ಬೀಜ' ಅಂತ ಬರ್ದೀರಲ್ರಿ ಕಾಕಾ, ಅದನ್ನ ನೋಡೇ ಈ ಅಕ್ಷರ ಮಾಡೀನ್ರಿ. ದೀರ್ಘದ ಬಾಲ ಮ್ಯಾಲಕ್ಕ ತಿರುವೀರಲ್ಲ, ಹುಡುಗ್ರು ಅದಕ್ಕ ಫಿದಾ ಆಗ್ಯಾರ. ಏನ್ ಸ್ಟೈಲ್ ರೀ!"

"ಎಂಥಾ ಸ್ಟೈಲ್ ಬೇ ಯವ್ವಾ! ಕೆಳಗ ಕಿಟಕಿ ಇತ್ತು," ಎಂದ ಪಕೀರಪ್ಪ.

ಅಂದು ಅವನು ಬಾಲ ಇಳಿಸುವ ಹೊತ್ತಿಗೆ ಆ ಕಿಟಕಿ ತೆರೆದಿತ್ತು. "ನನ್ನ ಕಿಟಕಿಗೆ ಬಣ್ಣ ಹತ್ತಿದ್ರ ನಿಚ್ಚಣಿಕಿ ದೂಡ್ತೀನಿ ನೋಡು," ಎಂದು ಒಳಗಿನ ಹುಡುಗಿ ಗದರಿಸಿದ್ದಳು. ಅವನು ಬಾಲವನ್ನು ಮೇಲಕ್ಕೆ ತಿರುವಿದ್ದ. ಆಮೇಲೆ ಲಿಂಗಸುಗೂರಿನವರೆಗೆ ಬರೆದ ಗೋಡೆಗಳಲ್ಲೆಲ್ಲ, ಕಿಟಕಿ ಇರಲಿ ಬಿಡಲಿ, ಹಾಗೇ ತಿರುವಿದ್ದ.

ಟೀಶರ್ಟನ್ನು ಎತ್ತಿ ಹಿಡಿದು ಅಡುಗೆಮನೆಯತ್ತ ಕೂಗಿದ: "ಯಂಕಮ್ಮಾ, ಬಾ ಇಲ್ಲಿ! ನೀ ಬೈದದ್ದು ಅಂಗಿ ಮ್ಯಾಲ ಬಂದೈತಿ!"