ಅರ್ಧ ಗ್ರಾಮಿನ ಓಲಾಟ

ಬೆಳಗಿನ ಐದೂವರೆ. ಟೈರಂಗಡಿಯ ಶಟರು ಅರ್ಧಕ್ಕೆ ಎದ್ದು ನಿಂತಿದೆ. ಬಗ್ಗಿ ಒಳಗೆ ಹೋದರೆ ರಬ್ಬರಿನ ವಾಸನೆ, ಮಿಣುಕುವ ಒಂದು ಟ್ಯೂಬ್‌ಲೈಟು, ಗೋಡೆಗೆ ಒರಗಿಸಿದ ಚಕ್ರಗಳ ಸಾಲು. ಆ ಸಾಲಿನಿಂದ ಒಂದು ಚಕ್ರವನ್ನು ಹೆಂಗಸೊಬ್ಬರು ಉರುಳಿಸಿ ತಂದು, ಸೊಂಟಕ್ಕೆ ಆನಿಸಿ, ಒಂದೇ ಉಸಿರಿಗೆ ಎತ್ತಿ ಯಂತ್ರದ ಅಚ್ಚಿಗೆ ಸಿಕ್ಕಿಸುತ್ತಾರೆ. ಗುಂಡಿ ಒತ್ತಿದ್ದೇ ಚಕ್ರ ಗುಂಯ್ ಎಂದು ತಿರುಗಿ ನಿಲ್ಲುತ್ತದೆ. ಪರದೆಯ ಮೇಲೆ ಮೂವತ್ತೈದು ಎಂಬ ಅಂಕಿ. ಅಂದರೆ ಚಕ್ರ ಒಂದು ಪಕ್ಕ ಮೂವತ್ತೈದು ಗ್ರಾಮು ಹಗುರ. ಅಷ್ಟು ತೂಕದ ಸೀಸದ ಪಟ್ಟಿಯನ್ನು ಅಲ್ಲಿಗೆ ಅಂಟಿಸಿ ಮತ್ತೆ ತಿರುಗಿಸಿದರೆ ಸೊನ್ನೆ. ಕೆಲಸ ಮುಗಿಯಿತು ಎಂದು ನೀವು ನಾವು ಅಂದುಕೊಳ್ಳಬೇಕು. ಅವರು ಮಾತ್ರ ಚಕ್ರವನ್ನು ಕೈಯಿಂದ ಮೆಲ್ಲಗೆ ಇನ್ನೊಂದು ಸುತ್ತು ತಿರುಗಿಸಿ, ಅಂಚಿಗೆ ಬೆರಳ ತುದಿ ತಾಗಿಸಿ, ಕಣ್ಣು ಮುಚ್ಚುತ್ತಾರೆ.

"ಮಿಷನ್ನು ಸೊನ್ನೆ ಅಂತು. ನನ್ನ ಬೆರಳೂ ಅನ್ಬೇಕಲ್ಲ," ಎನ್ನುತ್ತಾರೆ.

ರಸ್ತೆಯವರಿಗೆಲ್ಲ ಇವರು 'ಬ್ಯಾಲೆನ್ಸ್ ಅಕ್ಕ'. ಅರವತ್ತು ದಾಟಿದ ಲಾರಿ ಡ್ರೈವರುಗಳಿಗೂ ಅಕ್ಕನೇ, ವಯಸ್ಸು ಮೂವತ್ತೊಂಬತ್ತಾದರೂ! ಮೊದಲು ಸೇರಿದ್ದು ರಸೀದಿ ಬರೆಯುವ ಕೆಲಸಕ್ಕೆ. ಎಂಟು ತಿಂಗಳಾಗುವ ಹೊತ್ತಿಗೆ ಯಂತ್ರದ ಮೇಲಿದ್ದಾತ ಹೇಳದೆ ಕೇಳದೆ ಕೆಲಸ ಬಿಟ್ಟ. ಮಾಲೀಕರು ತಲೆ ಮೇಲೆ ಕೈಹೊತ್ತು ಕೂತಾಗ, ಅಷ್ಟು ದಿನ ನೋಡಿ ನೋಡಿಯೇ ಕಲಿತಿದ್ದ ಇವರು ಎದ್ದು ಹೋಗಿ ಮೊದಲ ಚಕ್ರ ಎತ್ತಿದರು. ಅದಾಗಿ ಹದಿನಾಲ್ಕು ವರ್ಷ. ಈಗ ಸಾಧಾರಣ ದಿನಕ್ಕೆ ನಲವತ್ತೆಂಟು ಚಕ್ರ, ಶನಿವಾರ ಅರವತ್ತೈದರವರೆಗೆ. ಒಂದೊಂದೂ ಹದಿನೇಳು ಕಿಲೋ ಆಸುಪಾಸು, ಹತ್ತಿಸಲೊಮ್ಮೆ ಇಳಿಸಲೊಮ್ಮೆ ಎತ್ತಬೇಕು. "ಒಟ್ಟು ಎಷ್ಟಾಯ್ತು ಅಂತ ಲೆಕ್ಕ ಹಾಕೋಕೆ ಹೋಗ್ಬೇಡಿ. ನನ್ನ ಭುಜಕ್ಕೆ ಗೊತ್ತಾಗ್ಬಿಟ್ರೆ ಕಷ್ಟ."

ಶುರುವಿನಲ್ಲಿ ಎಷ್ಟೋ ಗಿರಾಕಿಗಳು ಇವರನ್ನು ನೋಡಿ ಚಕ್ರ ವಾಪಸ್ಸು ಒಯ್ಯುತ್ತಿದ್ದರಂತೆ. ಗಂಡಸರು ಯಾರೂ ಇಲ್ವಾ ಎಂದು ಒಬ್ಬರು ಕೇಳಿದ್ದಕ್ಕೆ ಅಕ್ಕ ಕೊಟ್ಟ ಉತ್ತರ ಇವತ್ತಿಗೂ ಅಂಗಡಿಯಲ್ಲಿ ಮಾತಾಗುತ್ತದೆ. "ಇದಾರೆ, ಟೀ ಕುಡಿಯೋಕೆ ಹೋಗಿದಾರೆ. ಅವ್ರು ಬರೋಷ್ಟರಲ್ಲಿ ನಾಲ್ಕೂ ಮುಗಿಸಿರ್ತೀನಿ, ಕೂತ್ಕೊಳಿ."

ಯಂತ್ರದ ಕೆಳಗೆ ನಾಲ್ಕು ಡ್ರಾಯರುಗಳಿವೆ. ಮೂರರಲ್ಲಿ ಸೀಸ, ಅಂಟು, ಇಕ್ಕಳ. ನಾಲ್ಕನೆಯದರ ತಂಟೆಗೆ ಮಾಲೀಕರೂ ಹೋಗುವುದಿಲ್ಲ. ಅದರ ತುಂಬ ಬುಗುರಿ! ದಾರ ಸುತ್ತಿ ಬೀಸುವ ಮರದ ಬುಗುರಿಯಲ್ಲ. ಬಿಚ್ಚಿ, ಭಾಗ ಬದಲಿಸಿ, ಬೇಕಾದ ಹಾಗೆ ಜೋಡಿಸಿಕೊಳ್ಳುವ ಆಟದ ಬುಗುರಿ. ಹಲ್ಲಿನ ಪಟ್ಟಿಯೊಂದನ್ನು ಬುಗುರಿ ಸಿಕ್ಕಿಸಿದ ಹಿಡಿಕೆಯೊಳಗೆ ತೂರಿಸಿ ಸರ್ರನೆ ಎಳೆದರೆ ಹಾರಿಬಿದ್ದು ತಿರುಗುತ್ತದೆ, ಎದುರಾಳಿ ಬುಗುರಿಗೆ ಗುದ್ದುತ್ತದೆ. ಕೊನೆಯವರೆಗೆ ನಿಂತದ್ದು ಗೆದ್ದಂತೆ. ಅಕ್ಕನ ಡ್ರಾಯರಿನಲ್ಲಿ ಇಂಥವು ಮೂವತ್ತೊಂದಿವೆ, ಬಿಡಿಭಾಗಗಳು ಬೇರೆ.

ಬಿಡುವಿದ್ದಾಗ ಒಂದನ್ನು ಬಿಚ್ಚಿ, ತರಕಾರಿ ಹೆಚ್ಚಿಟ್ಟ ಹಾಗೆ ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. "ಇದು ಮೇಲಿನ ಬಳೆ, ಗುದ್ದೋದು ಇದೇ. ನಡುವೆ ಇರೋದು ಕತ್ತು. ಕತ್ತು ಉದ್ದ ಆದ್ರೆ ಎದುರಾಳಿ ತಲೆ ಮೇಲೆ ಹೊಡೀಬಹುದು, ಆದ್ರೆ ಬೇಗ ವಾಲುತ್ತೆ. ಕೆಳಗಿಂದು ಮೊನೆ. ಚಪ್ಪಟೆ ಇದ್ರೆ ಹುಚ್ಚಾಪಟ್ಟೆ ಓಡುತ್ತೆ, ಚೂಪಿದ್ರೆ ನಿಂತಲ್ಲೇ ನಿಂತ್ಕೊಂಡು ಸುತ್ತುತ್ತೆ. ಒಂದೊಂದೇ ನೋಡಿದ್ರೆ ಏನೂ ಅಲ್ಲ. ಯಾವುದಕ್ಕೆ ಯಾವುದು ಅಂತ ಗೊತ್ತಾದಾಗ ಇದೆಯಲ್ಲ, ಆಹಾ, ಅವತ್ತು ರಾತ್ರಿ ಒಳ್ಳೆ ನಿದ್ದೆ ಬರುತ್ತೆ!"

ಈ ಹುಚ್ಚು ಹತ್ತಿದ್ದು ಹನ್ನೆರಡನೇ ವಯಸ್ಸಿನಲ್ಲಿ. ಆಗ ಮನೆಯಲ್ಲಿ ಇದ್ದದ್ದು ಒಂದೇ ಬುಗುರಿ, ಆಡುವವರು ಇಬ್ಬರು: ಇವರು ಮತ್ತು ಇವರಿಗಿಂತ ನಾಲ್ಕು ವರ್ಷ ಚಿಕ್ಕ ತಮ್ಮ. ದಿನಬೆಳಗಾದರೆ ಹಾವು ಮುಂಗುಸಿ ಜಗಳ. ಬೇಸತ್ತ ಅಮ್ಮ ಒಂದು ದಿನ ಬುಗುರಿಯನ್ನು ಬಿಚ್ಚಿ ತೀರ್ಪು ಕೊಟ್ಟರು: ಮೇಲಿನ ಬಳೆ ತಮ್ಮನದು, ಕತ್ತು ಮತ್ತು ಮೊನೆ ಅಕ್ಕನದು. ಅಲ್ಲಿಗೆ ಒಬ್ಬರನ್ನು ಬಿಟ್ಟು ಒಬ್ಬರು ಆಡುವ ಹಾಗೇ ಇಲ್ಲ. ಜೋಡಿಸಿದರೆ ಬುಗುರಿ ಓಲಾಡುತ್ತ ಸುತ್ತುತ್ತಿತ್ತು. ಬೀದಿಯ ಮಕ್ಕಳು ಅದಕ್ಕೆ 'ಕುಡುಕ' ಎಂದು ಹೆಸರಿಟ್ಟು ನಗುತ್ತಿದ್ದರು. ಕುಡುಕ ಮಾತ್ರ ಆ ಮಕ್ಕಳ ಬುಗುರಿಗಳನ್ನೆಲ್ಲ ಒಂದೊಂದಾಗಿ ಆಚೆ ಎಸೆಯುತ್ತಿತ್ತು. ಓಟದಲ್ಲಿ, ಕುಸ್ತಿಯಲ್ಲಿ, ಎಲ್ಲದರಲ್ಲೂ ಕೊನೆಯವನಾಗುತ್ತಿದ್ದ ನರಪೇತಲ ತಮ್ಮನಿಗೆ ಗೆಲುವು ಅಂತ ಸಿಕ್ಕಿದ್ದು ಅದೊಂದರಲ್ಲೇ.

ಆಮೇಲೆ ಓದು, ಮದುವೆ, ಕೆಲಸ. ಅಕ್ಕನ ಅರ್ಧ ಹೊಲಿಗೆ ಡಬ್ಬಿಯ ತಳ ಸೇರಿತು. ತಮ್ಮ ಬೆಳೆದು ಬ್ರೆಡ್ ಸರಬರಾಜಿನ ವ್ಯಾನು ಓಡಿಸತೊಡಗಿದ. ಅವನ ಅರ್ಧ ಬೀಗದ ಕೈಗೊಂಚಲಿಗೆ ಬಿತ್ತು. ಇಪ್ಪತ್ತು ವರ್ಷದ ಮೇಲೆ ಕಳೆದಿತ್ತೇನೋ, ಟೈರು ಬದಲಿಸಲು ಬಂದ ಕಾರಿನ ಹಿಂದಿನ ಸೀಟಿನ ಕೆಳಗೆ ಅಕ್ಕನಿಗೆ ಇಂಥದೇ ಒಂದು ಹೊಸ ಬುಗುರಿ ಸಿಕ್ಕಿತು. ಗಿರಾಕಿಗೆ ಹಿಂದಿರುಗಿಸುವ ಮೊದಲು ಸುಮ್ಮನೆ ಬಿಚ್ಚಿ ನೋಡಿದರು. ಅಷ್ಟೇ ನೋಡಿ! ಮುಂದಿನ ವಾರ ಅಂಥದ್ದೊಂದು ಕೊಂಡು ತಂದರು, ಅದರ ಮುಂದಿನ ವಾರ ಎರಡು. "ಮನೆಯವರು ಕೇಳಿದ್ರು, ಇದೇನೇ ಈ ವಯಸ್ಸಲ್ಲಿ ಅಂತ. ನೀವು ಕ್ರಿಕೆಟ್ ನೋಡ್ತಾ ಟೀವಿಗೆ ಬೈಯ್ತೀರಲ್ಲ, ಅದಕ್ಕಿಂತ ವಾಸಿ ಅಂದೆ."

ಸುದ್ದಿ ತಿಳಿದ ತಮ್ಮ ಒಂದು ಭಾನುವಾರ ಬೆಳಿಗ್ಗೆ ಬ್ರೆಡ್ ಹಂಚಿ ಮುಗಿಸಿ ಅಂಗಡಿಗೇ ಬಂದ. ಗೊಂಚಲಿನಿಂದ ಬಳೆ ಬಿಚ್ಚಿ ಕೊಟ್ಟ. "ಮಸಿ ಹಿಡಿದಿದೆ, ತೊಳೆದು ಇಡಕ್ಕಾ. ಮುಂದಿನ ಭಾನುವಾರ ಆಡೋಣ," ಎಂದ. ಎಡವಟ್ಟು ಆಗಿದ್ದು ಅಲ್ಲಿಂದ.

ತೊಳೆದರು, ಒರೆಸಿದರು, ಜೋಡಿಸಿ ಒಮ್ಮೆ ತಿರುಗಿಸಿದರು. ಬುಗುರಿ ಓಲಾಡಿತು. ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ಹದಿನಾಲ್ಕು ವರ್ಷ ಹಗಲೆಲ್ಲ ಓಲಾಟವನ್ನೇ ಬೇಟೆಯಾಡಿದ ಕೈ ಸುಮ್ಮನಿರಬೇಕಲ್ಲ! ಬಳೆಯ ನಡುವೆ ಸೂಜಿ ತೂರಿಸಿ ಎರಡು ಬ್ಲೇಡುಗಳ ಅಂಚಿನ ಮೇಲೆ ಇಟ್ಟರು. ಭಾರದ ಪಕ್ಕ ಕೆಳಗೆ ಬಂತು. ಸೀಮೆಸುಣ್ಣದ ಗುರುತು ಹಾಕಿ, ಸಣ್ಣ ಅರದಿಂದ ಒಳಮೈಯನ್ನು ಉಜ್ಜಿದರು. ಇಟ್ಟರು, ಉಜ್ಜಿದರು, ಮತ್ತೆ ಇಟ್ಟರು. ಬಳೆ ಯಾವ ಕಡೆಗೂ ವಾಲದೆ ನಿಂತಾಗ ಗೆದ್ದೆ ಅನ್ನಿಸಿತು. "ಅಷ್ಟು ವರ್ಷ ಬೀಗದ ಕೈ ಜೊತೆ ತೂಗಾಡಿ ಒಂದು ಕಡೆ ಸವೆದಿದೆ ಅಂದ್ಕೊಂಡೆ. ಚಿಕ್ಕವರಿದ್ದಾಗ್ಲೂ ಓಲಾಡ್ತಿತ್ತು ಅನ್ನೋದು ತಲೆಗೇ ಬರ್ಲಿಲ್ಲ. ಬುದ್ಧಿಗೆ ಮಂಕು ಬಡಿದಿತ್ತು."

ಭಾನುವಾರ ತಮ್ಮ ಬಂದ. ನಟ್ಟು ಬೋಲ್ಟು ಹಾಕುವ ಅಗಲವಾದ ತಟ್ಟೆಯನ್ನು ಬರಿದು ಮಾಡಿದ್ದೇ ಅಖಾಡ. ಕುಡುಕನನ್ನು ಬಿಟ್ಟ. ಅದು ನಡುಮಧ್ಯೆ ನಿಂತು, ಸದ್ದಿಲ್ಲದೆ, ಅಲ್ಲಾಡದೆ, ಎರಡು ನಿಮಿಷ ಹತ್ತು ಸೆಕೆಂಡು ಸುತ್ತಿತು. ಅಕ್ಕ ಹಿಗ್ಗಿ ಹೀರೆಕಾಯಿಯಾದರು. ಆಮೇಲೆ ಅಕ್ಕನ ಒಂದು ಬುಗುರಿಯನ್ನು ಎದುರಿಗೆ ಬಿಟ್ಟರೆ, ಕುಡುಕ ಅದನ್ನು ಗುದ್ದಲಿಲ್ಲ. ದಾರಿ ಬಿಡಿ ಎಂದವರ ಹಾಗೆ ಪಕ್ಕಕ್ಕೆ ಸರಿದು ಬಿದ್ದುಬಿಟ್ಟಿತು. ಮೂರು ಸಲವೂ ಅದೇ ಕತೆ.

"ಏನ್ ಮಾಡ್ದೆ ಇದಕ್ಕೆ?" ತಮ್ಮ ಕೇಳಿದ.

"ಸರಿ ಮಾಡ್ದೆ."

"ಸರಿ ಮಾಡು ಅಂತ ಯಾರು ಕೇಳಿದ್ರು?"

ಅವನು ಬಳೆ ಎತ್ತಿ, ಒಳಗಿನ ಅರದ ಗೆರೆಗಳನ್ನು ನೋಡಿದ. ಮತ್ತೆ ತಟ್ಟೆಯಲ್ಲೇ ಇಟ್ಟು ಹೊರಟುಹೋದ. ಅಷ್ಟು ವರ್ಷ ಜೇಬಿನಲ್ಲಿ ಹೊತ್ತು ತಿರುಗಿದ ವಸ್ತುವನ್ನು ಬೇಡವೆಂದು ಬಿಟ್ಟುಹೋದನಲ್ಲ, ಅದು ಅಕ್ಕನ ಎದೆಗೆ ನಾಟಿತು.

ಮುಂದಿನ ಭಾನುವಾರ ಅವನ ಸುಳಿವಿಲ್ಲ. ಅದರ ಮುಂದಿನದೂ ಇಲ್ಲ. ಫೋನು ಮಾಡಿದರೆ "ಕೆಲಸ ಇದೆ" ಎಂಬ ಎರಡೇ ಪದ. ಮೂರನೇ ವಾರ ತಮ್ಮನ ವ್ಯಾನು ರಸ್ತೆಬದಿ ನಿಂತದ್ದು ಕಂಡಿತು. ಮುಂದಿನ ಚಕ್ರಕ್ಕೆ ತಾವು ಅಂಟಿಸದ ಸೀಸದ ಪಟ್ಟಿ! ಅಕ್ಕನ ಅಂಗಡಿ ಬಿಟ್ಟು ಬೇರೆ ಅಂಗಡಿಯಲ್ಲಿ ಬ್ಯಾಲೆನ್ಸ್ ಮಾಡಿಸಿದ್ದ. "ಬೈದಿದ್ರೆ ತಡ್ಕೊಳ್ತಿದ್ದೆ. ಇದನ್ನ ಹೇಗ್ರಿ ತಡ್ಕೊಳ್ಳೋದು? ಅದೂ ಪಟ್ಟಿ ಸೊಟ್ಟಗೆ ಅಂಟಿಸಿದ್ರು!" ಮನೆಯಲ್ಲಿ ಅಮ್ಮ ಕೇಳಿ ಹಣೆ ಚಚ್ಚಿಕೊಂಡರು. "ಇಬ್ರಿಗೂ ತಲೆ ನರೆಯೋಕೆ ಬಂತು, ಜಗಳ ಮಾತ್ರ ಇನ್ನೂ ಎಳೇದೇ."

ಸತ್ಯ ಹೊರಬಿದ್ದದ್ದು ಕನ್ನಡಕದಂಗಡಿಯಲ್ಲಿ. ಅಲ್ಲಿನ ಮಾಲೀಕರು ಹಳೆಯ ಬುಗುರಿಗಳ ಸಂಗ್ರಹಕಾರರು. ಭಾಗಗಳ ವಿನಿಮಯದಿಂದ ಅಕ್ಕನಿಗೆ ಪರಿಚಯ. ಬಳೆಯನ್ನು ಭೂತಗನ್ನಡಿಯಲ್ಲಿ ನೋಡಿ ಅವರು ನಿಟ್ಟುಸಿರುಬಿಟ್ಟರು. "ಅಯ್ಯೋ ತಾಯಿ, ಇದನ್ನ ಮಾಡಿರೋದೇ ಒಂದು ಪಕ್ಕ ಭಾರ ಇಟ್ಟು. ವಾಲ್ತಾ ಓಡಾಡಿದ್ರೆ ತಾನೇ ಹುಡುಕ್ಕೊಂಡು ಹೋಗಿ ಗುದ್ದೋದು? ಓಲಾಟನೇ ಇದರ ಶಕ್ತಿ. ನೀನು ಹುಲಿಯ ಹಲ್ಲು ಉಜ್ಜಿ ನುಣ್ಣಗೆ ಮಾಡಿದೀಯ."

ಅಂಥ ಬಳೆ ಈಗ ತಯಾರಾಗುವುದಿಲ್ಲ. ಅವರ ಬಳಿ ಒಂದಿತ್ತು. ತೂಕಕ್ಕಿಟ್ಟರೆ ಇಪ್ಪತ್ತೊಂದೂವರೆ ಗ್ರಾಮು; ತಮ್ಮನದು ಇಪ್ಪತ್ತೊಂದು. ಅರ್ಧ ಗ್ರಾಮು ಅರದ ಪುಡಿಯಾಗಿ ಕಸದ ಬುಟ್ಟಿ ಸೇರಿತ್ತು. ಪುಣ್ಯಾತ್ಮರು ತಮ್ಮಲ್ಲಿದ್ದ ಬಳೆಯನ್ನೇ ಮುಂದೆ ತಳ್ಳಿದರು. "ತಗೋ. ತಮ್ಮನಿಗೆ ಗೊತ್ತಾಗಲ್ಲ."

ಅಕ್ಕ ಒಂದು ಕ್ಷಣ ಅದನ್ನು ಕೈಯಲ್ಲಿ ಹಿಡಿದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆಮೇಲೆ ವಾಪಸ್ಸು ಇಟ್ಟರು. "ಗಿರಾಕಿ ತಂದ ಚಕ್ರ ನಾನೇ ಕೆಡಿಸಿ, ಬೇರೆ ಚಕ್ರ ಹಾಕಿ ಕಳಿಸಿದ್ರೆ ನಾನೆಂಥ ಕೆಲಸದವಳು ಸಾರ್? ಅವನದನ್ನೇ ಅವನಿಗೆ ಕೊಡ್ಬೇಕು. ನಿಮ್ಮದನ್ನ ಒಂದು ದಿನ ಸಾಲ ಕೊಡಿ ಸಾಕು."

ಆ ದಿನ ಅಂಗಡಿ ಮುಚ್ಚುವ ಮೊದಲು ಅವರು ಶುರುಮಾಡಿದ ಕೆಲಸವನ್ನು ಜೀವಮಾನದಲ್ಲಿ ಮಾಡಿರಲಿಲ್ಲ: ನೆಟ್ಟಗಿದ್ದುದನ್ನು ಕೆಡಿಸುವುದು. ಕನ್ನಡಕದವರ ಬಳೆಯನ್ನು ಸೂಜಿಯ ಮೇಲಿಟ್ಟು ಭಾರ ಎಲ್ಲಿದೆ ಎಂದು ಗುರುತು ಮಾಡಿಕೊಂಡರು. ಐದು ಗ್ರಾಮಿನ ಸೀಸದ ಪಟ್ಟಿಯಿಂದ ಹತ್ತನೇ ಒಂದು ಭಾಗ ಕತ್ತರಿಸಿದರು. ತಮ್ಮನ ಬಳೆಯ ಒಳಮೈಯಲ್ಲಿ, ಅರದ ಗೆರೆಗಳ ಮೇಲೆಯೇ ಅಂಟಿಸಿದರು. ಮೊದಲನೇ ಗುದ್ದಿಗೇ ಸೀಸ ಕಿತ್ತು ಹಾರಿತು. ಬೇರೆ ಅಂಟು ಹಚ್ಚಿದರೆ ಅದೂ ಹಾರಿತು. ಐದನೇ ಸಲ ಕನ್ನಡಕದ ಚೌಕಟ್ಟಿಗೆ ಬಳಸುವ ಅಂಟನ್ನು ಕೇಳಿ ತಂದು, ಒಂದು ಇಡೀ ದಿನ ಇಕ್ಕಳದಲ್ಲಿ ಕಚ್ಚಿಸಿಟ್ಟರು. ಅದು ಕೂತಿತು. "ಇದು ಸರಿಯಾಗಿ ಓಲಾಡಲಪ್ಪ ಅಂತ ಬೇಡ್ಕೊಂಡಿದ್ದು ಅದೇ ಮೊದಲು."

ತಮ್ಮನಿಗೆ ಕ್ಷಮೆ ಕೇಳಿ ಸಂದೇಶ ಬರೆಯಲು ಕೂತರು. ಬರೆದರು, ಅಳಿಸಿದರು. ಕೊನೆಗೆ ಕಳಿಸಿದ್ದು ಇಷ್ಟೇ: 'ಕುಡುಕ ಮತ್ತೆ ಕುಡಿದಿದಾನೆ. ಬಂದು ನೋಡು.'

ಇಂದು ಭಾನುವಾರ. ಏಳು ಗಂಟೆಗೆ ಬ್ರೆಡ್ ವ್ಯಾನು ಅಂಗಡಿ ಮುಂದೆ ನಿಲ್ಲುತ್ತದೆ. ಇಳಿದ ತಮ್ಮ ನೇರ ಬಂದು ಕೈ ಚಾಚುತ್ತಾನೆ. ಅಕ್ಕ ಬಳೆ ಕೊಡುತ್ತಾರೆ. ಅವನು ಅದನ್ನು ಮಗುಚಿ ನೋಡಿ, ಸೀಸದ ಚೂರನ್ನು ಉಗುರಿನಿಂದ ಒತ್ತುತ್ತಾನೆ. ಅಕ್ಕ ತಮ್ಮ ಪಾಲಿನ ಕತ್ತು-ಮೊನೆಯನ್ನು ಮುಂದೆ ಹಿಡಿಯುತ್ತಾರೆ. ಟಕ್ ಎಂದು ಎರಡೂ ಕೂಡಿಕೊಳ್ಳುತ್ತವೆ.

ಎದುರಿಗೆ ಅಕ್ಕ ಬಿಡುವುದು ಡ್ರಾಯರಿನ ಅತ್ಯುತ್ತಮ ಬುಗುರಿಯನ್ನು, ಎರಡೂವರೆ ನಿಮಿಷ ನಿಲ್ಲುವಂಥದು. ಬೇಕೆಂದೇ ಸೋಲುವ ಜಾಯಮಾನ ಅವರದಲ್ಲ. ತಮ್ಮ ಪಟ್ಟಿ ಎಳೆಯುತ್ತಾನೆ. ಕುಡುಕ ತಟ್ಟೆಗೆ ಬಿದ್ದದ್ದೇ ವಾಲುತ್ತದೆ, ತೂರಾಡುತ್ತದೆ, ಅಂಚು ಹಿಡಿದು ಓಡಿ ಒಂದು ಸುತ್ತು ಬಂದು ಠಣ್ ಎಂದು ಅಪ್ಪಳಿಸುತ್ತದೆ. ಅಕ್ಕನ ಬುಗುರಿ ತಟ್ಟೆ ಹಾರಿ, ಚಕ್ರಗಳ ಸಂದಿಯಲ್ಲಿ ಬಿದ್ದು ಉರುಳುತ್ತದೆ. ಇನ್ನೊಮ್ಮೆ ಆಡಿದರೂ ಹಾಗೇ. ಮೂರನೆಯ ಸಲ ಅದು ಹಾರಿ ಶಟರಿಗೇ ಬಡಿಯುತ್ತದೆ. ತಮ್ಮ ಎಂಟು ವರ್ಷದವನ ಹಾಗೆ ಎರಡೂ ಕೈ ಎತ್ತಿ ಕೂಗುತ್ತಾನೆ. ಕಣ್ಣು ಒದ್ದೆಯಾಗಿದ್ದನ್ನು ಮರೆಮಾಚಲು ಬಗ್ಗಿ ಬುಗುರಿ ಎತ್ತಿಕೊಳ್ಳುತ್ತಾನೆ. ನೆಟ್ಟಗಾದ ಮೇಲೆ "ಅಕ್ಕಾ, ವ್ಯಾನು ತಂದಿದೀನಿ. ಮುಂದಿನ ಚಕ್ರ ಅದುರ್ತಾ ಇದೆ," ಎನ್ನುತ್ತಾನೆ.

"ಅದುರದೆ ಇನ್ನೇನು! ಬಿಚ್ಚು," ಎನ್ನುತ್ತಾರೆ ಅಕ್ಕ.

ಅವನು ಜಾಕು ತರಲು ಹೋದಾಗ ಅವರು ಸೀರೆ ಸೆರಗಿಗೆ ಕೈ ಒರೆಸಿಕೊಂಡು ಈ ಕಡೆ ತಿರುಗುತ್ತಾರೆ. ಮುಖದಲ್ಲಿ ಪಂದ್ಯ ಗೆದ್ದವರ ಗತ್ತು. "ಪೇಪರ್‌ನಲ್ಲಿ ಬರೀತೀರಲ್ಲ, ಮೂರಕ್ಕೆ ಮೂರೂ ಸೋತೆ ಅಂತ ಸರಿಯಾಗಿ ಬರೀರಿ. ಎರಡೇ ಅಂತ ಬರೆದು ನನ್ನ ಕೆಲಸದ ಮರ್ಯಾದೆ ತೆಗೀಬೇಡಿ."